ತಿಗಣೆಗೆ ‘ಮಾತ್ರೆ ಇಡ್ತೀವಿ’ ಅಂದವರನ್ನು ಬಾಗಿಲಲ್ಲೇ ತಡೆಯಿರಿ

ಬಾಡಿಗೆ ಮನೆ, ಪಿಜಿ, ಹಾಸ್ಟೆಲ್‌ಗಳಲ್ಲಿ ಇರುವವರು ದಯವಿಟ್ಟು ಇದನ್ನು ಓದಿ. ಕಾಳಿನ ಗೋದಾಮಿನಲ್ಲಿ ಹುಳ ಸಾಯಿಸಲು ಬಳಸುವ ವಿಷದ ಮಾತ್ರೆಯನ್ನು ತಿಗಣೆಗೆಂದು ಮನೆಯೊಳಗೆ ಇಟ್ಟು ಹೋಗುವವರು ಬೆಂಗಳೂರಿನಲ್ಲಿದ್ದಾರೆ. ನಮ್ಮ ಕಟ್ಟಡದಲ್ಲೇ ಹೀಗಾಯಿತು. ಮಾತ್ರೆ ಇಟ್ಟಿದ್ದು ಕೆಳಗಿನ ಮನೆಯಲ್ಲಿ. ಆಸ್ಪತ್ರೆ ಸೇರಿದ್ದು ಮೇಲಿನ ಮನೆಯ ನಮ್ಮತ್ತೆ ಮತ್ತು ಮಗಳು.

ಕೆಳಗಿನವರು ಊರಿಗೆ ಹೊರಡುವ ಮುಂಚೆ ಯಾರನ್ನೋ ಕರೆಸಿದ್ದಾರೆ. ಬಂದವನು, “ಸ್ಪ್ರೇ ಹೊಡೆದ್ರೆ ಮತ್ತೆ ಬರ್ತವೆ ಮೇಡಂ, ಮಾತ್ರೆ ಇಟ್ರೆ ಒಂದೂ ಉಳಿಯಲ್ಲ. ಬೀಗ ಹಾಕ್ಕೊಂಡು ಆರಾಮಾಗಿ ಹೋಗ್ಬನ್ನಿ” ಅಂದನಂತೆ. ಮಂಚದ ಕೆಳಗೆ, ಬೀರುವಿನ ಹಿಂದೆ ಪೇಪರ್ ಹಾಸಿ ಮಾತ್ರೆ ಇಟ್ಟು, ಕಿಟಕಿ ಸಂದಿಗೆ ಟೇಪ್ ಅಂಟಿಸಿದ್ದಾನೆ. ಔಷಧಿಯ ಹೆಸರು ಹೇಳಲಿಲ್ಲ, ರಸೀದಿ ಕೊಡಲಿಲ್ಲ. ಮೇಲೆ ಜನ ಇದ್ದಾರೆಯೇ ಎಂದೂ ಕೇಳಲಿಲ್ಲ.

ಅವತ್ತು ರಾತ್ರಿ ಬಚ್ಚಲ ಕಡೆಯಿಂದ ಬೆಳ್ಳುಳ್ಳಿ ಕೊಳೆತಂಥ ವಾಸನೆ ಬರುತ್ತಿತ್ತು. ಅತ್ತೆ, “ತಲೆ ಸುತ್ತುತ್ತೆ ಕಣಮ್ಮ, ಎದೆ ಹಿಡ್ಕೊಂಡಂಗಾಗ್ತಿದೆ” ಅಂದರು. ಅಷ್ಟರಲ್ಲಿ ಅವರ ಪಕ್ಕ ಮಲಗಿದ್ದ ಮಗಳಿಗೆ ವಾಂತಿ ಶುರುವಾಯಿತು. ತುರ್ತು ವಿಭಾಗದಲ್ಲಿ ವೈದ್ಯೆ ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು: “ಅಕ್ಕಪಕ್ಕದಲ್ಲಿ ಯಾರಾದ್ರೂ ಪೆಸ್ಟ್ ಕಂಟ್ರೋಲ್ ಮಾಡಿಸಿದ್ದಾರಾ?” ಕೆಳಗಿನವರಿಗೆ ಫೋನ್ ಮಾಡಿದಾಗಲೇ ಸಂಗತಿ ಹೊರಬಂತು. ಇಬ್ಬರನ್ನೂ ಐಸಿಯುನಲ್ಲಿ ಇಟ್ಟು ನೋಡಿಕೊಂಡರು. ಇಬ್ಬರೂ ಬದುಕಿಕೊಂಡರು. ಇನ್ನೂ ಸ್ವಲ್ಪ ತಡವಾಗಿದ್ದರೆ ಏನಾಗುತ್ತಿತ್ತೋ, ಯೋಚಿಸಲೂ ಭಯ.

ಆ ಮಾತ್ರೆ ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಎಂಬ ಅನಿಲ ಬಿಡುತ್ತದೆ. 3 ಗ್ರಾಂ ಮಾತ್ರೆಯೊಂದರಿಂದ ಸುಮಾರು 1 ಗ್ರಾಂ ಅನಿಲ. ಇದಕ್ಕೆ ಪ್ರತಿವಿಷ ಇಲ್ಲ. ಉಸಿರಾಟ, ರಕ್ತದೊತ್ತಡ, ಹೃದಯ ಕೈಕೊಡದಂತೆ ನೋಡಿಕೊಳ್ಳುವುದಷ್ಟೇ ವೈದ್ಯರಿಂದ ಸಾಧ್ಯ. ಗೋಡೆಯ ಬಿರುಕು, ವೈರ್ ಪೈಪು, ಬಚ್ಚಲ ಕೊಳವೆ, ಎಲ್ಲಿ ಸಂದಿ ಸಿಕ್ಕರೂ ನುಸುಳುತ್ತದೆ. ಹಾಗಾಗಿ ಟೇಪ್ ಅಂಟಿಸಿದ್ದೇವೆ ಅನ್ನುವ ಮಾತಿಗೆ ಅರ್ಥವೇ ಇಲ್ಲ. ವಾಸನೆ ಬಂದಾಗ ನೋಡಿಕೊಂಡರಾಯಿತು ಅನ್ನುವುದೂ ತಪ್ಪು. ಅಪಾಯದ ಮಟ್ಟ ತಲುಪಿದರೂ ಕೆಲವೊಮ್ಮೆ ವಾಸನೆಯೇ ಗೊತ್ತಾಗುವುದಿಲ್ಲ.

ನಮ್ಮ ದೇಶದಲ್ಲಿ ಇದು ನಿರ್ಬಂಧಿತ ಕೀಟನಾಶಕ. ಸಾಮಾನ್ಯರಿಗೆ ಮಾರುವಂತಿಲ್ಲ, ಪೆಸ್ಟ್ ಕಂಟ್ರೋಲ್‌ನವರು ಬಳಸಬೇಕೆಂದರೂ ಅನುಮತಿ ಪಡೆದ ಪರಿಣತರ ಉಸ್ತುವಾರಿ ಬೇಕು. ಗೋದಾಮಿನಲ್ಲಿ ಮೂಟೆಗಳ ಮೇಲೆ ಅನಿಲ ಸೋರದ ಹೊದಿಕೆ ಹಾಕಿ, ಮಾಸ್ಕ್ ತೊಟ್ಟು ಮಾಡುವ ಕೆಲಸವನ್ನು ಜನ ಮಲಗುವ ಕೋಣೆಯಲ್ಲಿ ಮಾಡುವುದು ಕೊಲೆಗೆ ಸಮ. ನನಗೆ ಬೇರೆ ಮಾತು ಸಿಗುತ್ತಿಲ್ಲ.

ತಿಗಣೆ ಹೋಗಬೇಕಾದರೆ ಇಷ್ಟೆಲ್ಲ ಬೇಡವೇ ಬೇಡ. ಮೊದಲು ಅದು ತಿಗಣೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಹಾಸಿಗೆಯ ಹೊಲಿಗೆ, ಮಂಚದ ಕೀಲು, ತಲೆದಿಂಬಿನ ಕಡೆಯ ಹಲಗೆಯ ಹಿಂಬದಿಗೆ ಟಾರ್ಚ್ ಬಿಟ್ಟು ನೋಡಿ. ಸುಮಾರು 5 ಮಿ.ಮೀ. ಉದ್ದದ ಚಪ್ಪಟೆ ಕಂದು ಹುಳ, ಕಳಚಿದ ಪೊರೆ, ಶಾಯಿ ಚುಕ್ಕೆಯಂಥ ಕಪ್ಪು ಕಲೆ ಕಾಣುತ್ತವೆ. ಬರೀ ಕಡಿತದ ಗುರುತು ನೋಡಿ ತೀರ್ಮಾನಿಸಬೇಡಿ, ಸೊಳ್ಳೆ ಕಚ್ಚಿದರೂ ಹಾಗೇ ಕಾಣುತ್ತದೆ. ತಿಗಣೆಗೆ ಬಿಸಿ ತಡೆಯಲಾಗುವುದಿಲ್ಲ; 50 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೊಟ್ಟೆಯೂ ಸಾಯುತ್ತದೆ. ಹೊದಿಕೆ, ದಿಂಬಿನ ಕವರುಗಳನ್ನು ಕುದಿನೀರಲ್ಲಿ ನೆನೆಹಾಕಿ. ಮಂಚ ಬಿಚ್ಚಿ ಕೀಲುಗಳಿಗೆ ಕುದಿನೀರು ಸುರಿಯುತ್ತಿದ್ದ ಅಜ್ಜಿಯರ ಕ್ರಮ ಸರಿಯಾಗಿಯೇ ಇತ್ತು. ಹಾಸಿಗೆಯ ಹೊಲಿಗೆಗೆ ಸ್ಟೀಮರ್ ನಿಧಾನವಾಗಿ ಹಿಡಿಯಿರಿ. ಬಿಸಿಲಿಗೆ ಹಾಕಿದರೆ ಮಾತ್ರ ಸಾಲದು, ಒಳಪದರ ಅಷ್ಟು ಕಾಯುವುದಿಲ್ಲ. ಮೊಟ್ಟೆ ಒಡೆಯಲು ವಾರ, ಹತ್ತು ದಿನ ಬೇಕು. ಎರಡು ವಾರ ಬಿಟ್ಟು ಎಲ್ಲವನ್ನೂ ಮತ್ತೊಮ್ಮೆ ಮಾಡಲೇಬೇಕು. ಜನ ಕೈಬಿಡುವುದೇ ಈ ಎರಡನೇ ಸುತ್ತನ್ನು.

ಅದರಿಂದಲೂ ಹೋಗದಿದ್ದರೆ ಕೃಷಿ ಇಲಾಖೆಯ ಪರವಾನಗಿ ಇರುವವರನ್ನೇ ಕರೆಸಿ. ಪರವಾನಗಿಯ ಪ್ರತಿ ಕೇಳಿ, ಔಷಧಿಯ ಡಬ್ಬಿಯನ್ನು ಕಣ್ಣಾರೆ ನೋಡಿ. ಲೇಬಲ್‌ನಲ್ಲಿ ಬಣ್ಣದ ತ್ರಿಕೋನ ಇರುತ್ತದೆ: ಕೆಂಪು ಅಂದರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಕೆಂಪು ತ್ರಿಕೋನ ಕಂಡರೆ ಅಥವಾ ಲೇಬಲ್ಲೇ ಇಲ್ಲದ ಬಾಟಲಿ ತಂದಿದ್ದರೆ ವಾಪಸ್ ಕಳಿಸಿ.

ಈಗಾಗಲೇ ಯಾರಾದರೂ ಮಾತ್ರೆ ಇಟ್ಟಿದ್ದಾರೆಂದು ಗೊತ್ತಾದರೆ ಎತ್ತಲು ಒಳಗೆ ಹೋಗಬೇಡಿ, ನೀರಂತೂ ಹಾಕಲೇಬೇಡಿ. ನೀರು ಬಿದ್ದರೆ ಅನಿಲ ಒಮ್ಮೆಲೇ ಹೊರಬರುತ್ತದೆ. ಅನಿಲ ಬಿಟ್ಟ ಮೇಲೆ ಮಾತ್ರೆಯಿಂದ ಉಳಿಯುವ ಬೂದಿಯಲ್ಲೂ ವಿಷ ಇರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಮೇಲೆ, ಕೆಳಗೆ, ಪಕ್ಕದಲ್ಲಿ ಇರುವವರನ್ನೆಲ್ಲ ಎಬ್ಬಿಸಿ ಹೊರಗೆ ಕರೆತಂದು 112ಕ್ಕೆ ಫೋನ್ ಮಾಡಿ. ಯಾರಿಗಾದರೂ ವಾಂತಿ, ತಲೆಸುತ್ತು, ಉಸಿರಾಟದ ತೊಂದರೆ ಇದ್ದರೆ ತಕ್ಷಣ 108 ಕರೆಸಿ. ಆಸ್ಪತ್ರೆಯಲ್ಲಿ “ಅಲ್ಯೂಮಿನಿಯಂ ಫಾಸ್ಫೈಡ್ ಇಟ್ಟಿದ್ದರು” ಎಂದು ಆ ಹೆಸರನ್ನೇ ಹೇಳಿ.