ಪೋಸ್ಟ್‌ಗ್ರೆಸ್ ವಾಲ್: ಏನೂ ಬದಲಾಗದಿದ್ದರೂ ಲಾಗ್ ಬೆಳೆಯುತ್ತದೆ

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರನ್ನು ಹೊಗಳಿ ಬರೆದವರು ಬೇಕಾದಷ್ಟು ಜನ ಇದ್ದಾರೆ. ಫೀಚರ್ ಪಟ್ಟಿ ನೀವು ನೋಡೇ ಇರುತ್ತೀರಿ, ಬಿಡಿ. ವರ್ಷಗಟ್ಟಲೆ ಬಳಸಿದ ಮೇಲೂ ನನಗೆ ಕಿರಿಕಿರಿ ಮಾಡುವುದು ಅದರ ವಾಲ್, ಅಂದರೆ ಡೇಟಾ ಫೈಲಿಗೆ ಹೋಗುವ ಮೊದಲೇ ಬದಲಾವಣೆಗಳನ್ನು ಬರೆದಿಡುವ ಟ್ರಾನ್ಸಾಕ್ಷನ್ ಲಾಗ್.

ನನ್ನ ಸರ್ವರ್ ಅಗ್ಗದ್ದು, ಡಿಸ್ಕ್ ಚಿಕ್ಕದು. ಪಿಜಿ ವಾಲ್ ಫೋಲ್ಡರ್‌ನಲ್ಲಿ 16 ಎಂಬಿ ಫೈಲುಗಳು ಸಾಲುಗಟ್ಟಿದರೆ ಎದೆ ಢವಢವ. ಮ್ಯಾಕ್ಸ್ ವಾಲ್ ಸೈಜ್ ಎಂಬ ಸೆಟ್ಟಿಂಗ್ 1 ಜಿಬಿ ಅಂತ ಇದ್ದರೂ ಅದು ಗಟ್ಟಿ ಮಿತಿಯಲ್ಲ, ಲೋಡ್ ಜಾಸ್ತಿಯಾದರೆ ಆರಾಮಾಗಿ ದಾಟುತ್ತದೆ.

ನಿಜವಾದ ಸಿಟ್ಟು ಟೇಬಲ್‌ನ ಸಾಲು ಬದಲಿಸುವ ಅಪ್‌ಡೇಟ್ ಕಮಾಂಡ್ ಮೇಲೆ. ಇದ್ದ ವ್ಯಾಲ್ಯೂವನ್ನೇ ಮತ್ತೆ ಹಾಕಿದರೂ ಅದು ಸುಮ್ನೆ ಬಿಡುವುದಿಲ್ಲ. ಸಾಲಿನ ಹೊಸ ಪ್ರತಿ ಬರೆಯುತ್ತದೆ, ಅದು ಲಾಗ್‌ಗೂ ಹೋಗುತ್ತದೆ, ಅದೇ ಪೇಜ್‌ನಲ್ಲಿ (ಡೇಟಾ ಫೈಲಿನ 8 ಕೆಬಿ ತುಂಡು) ಜಾಗ ಸಿಗದಿದ್ದರೆ ಬೇಗ ಹುಡುಕಲು ಇರುವ ಇಂಡೆಕ್ಸ್‌ಗಳಿಗೂ ಹೊಸ ಎಂಟ್ರಿ, ಅವೂ ಲಾಗ್‌ಗೆ. ಅದರ ಮೇಲೆ, ಚೆಕ್‌ಪಾಯಿಂಟ್ (ಬದಲಾದ ಪೇಜ್‌ಗಳನ್ನು ಡೇಟಾ ಫೈಲಿಗೆ ಇಳಿಸುವ ಹಂತ) ಆದ ನಂತರ ಮೊದಲ ಸಲ ಮುಟ್ಟಿದ ಪೇಜ್ ಹೆಚ್ಚುಕಡಿಮೆ ಇಡೀ 8 ಕೆಬಿ ಲಾಗ್ ಸೇರುತ್ತದೆ. ಬದಲಾಗಿದ್ದೇನು? ಏನೂ ಇಲ್ಲ!

ಬರೀ ಓದುವ ಸೆಲೆಕ್ಟ್ ಕಮಾಂಡ್ ಆದರೂ ಸಾಧು ಅಂದುಕೊಂಡರೆ ಅದೂ ಅಲ್ಲ. ಚೆಕ್‌ಸಮ್ (ಪೇಜ್ ಕೆಟ್ಟಿದೆಯೇ ಎಂದು ಪತ್ತೆ ಮಾಡುವ ಲೆಕ್ಕ) ಆನ್ ಇದ್ದು, ದೊಡ್ಡ ಲೋಡ್ ಮುಗಿದು ಒಂದು ಚೆಕ್‌ಪಾಯಿಂಟ್ ದಾಟಿದೆ ಎಂದುಕೊಳ್ಳಿ. ಆಮೇಲೆ ಮೊದಲ ಸಲ ಓದುವ ಸೆಲೆಕ್ಟ್ ಸಾಲುಗಳ ಮೇಲೆ ‘ಇದು ಕಮಿಟ್ ಆಗಿದೆ’, ಅಂದರೆ ಖಾಯಂ ಆಗಿದೆ, ಅಂತ ಗುರುತು ಹಾಕುತ್ತದೆ, ಆ ಪೇಜ್‌ಗಳು ಲಾಗ್‌ಗೆ ಹೋಗುತ್ತವೆ. 18ನೇ ವರ್ಷನ್‌ನಿಂದ ಹೊಸದಾಗಿ ಶುರು ಮಾಡಿದ ಸರ್ವರ್‌ಗಳಲ್ಲಿ ಚೆಕ್‌ಸಮ್ ಮೊದಲೇ ಆನ್ ಇರುತ್ತದೆ, ನೆನಪಿರಲಿ.

ಇಷ್ಟು ಬೈದ ಮೇಲೂ ಬಿಟ್ಟು ಹೋಗಿಲ್ಲ, ಅದಕ್ಕೆ ಕಾರಣ 2020ರ 13ನೇ ವರ್ಷನ್‌ನಲ್ಲಿ ಬಂದ ಒಂದು ಪುಟ್ಟ ಸೌಲಭ್ಯ. ಕ್ವೆರಿಯನ್ನು ಓಡಿಸಿ ಅದು ಹೇಗೆ ಓಡಿತು ಅಂತ ತೋರಿಸುವ ಎಕ್ಸ್‌ಪ್ಲೇನ್ ಅನಲೈಜ್ ಜೊತೆ ವಾಲ್ ಅಂತ ಸೇರಿಸಿದರೆ ಆ ಕ್ವೆರಿ ಎಷ್ಟು ರೆಕಾರ್ಡ್, ಎಷ್ಟು ಪೂರ್ತಿ ಪೇಜ್, ಎಷ್ಟು ಬೈಟ್ ಬರೆಯಿತು ಅಂತ ಒಂದೇ ಸಾಲಿನಲ್ಲಿ ತೋರಿಸುತ್ತದೆ. ಈಗ ಅದೇ ನನ್ನ ದಿನದ ಕೆಲಸ. ಟೆಸ್ಟ್ ಕಾಪಿಯಲ್ಲಿ ಬಿಗಿನ್ ಹೊಡೆದು ಟ್ರಾನ್ಸಾಕ್ಷನ್ ಶುರು ಮಾಡಿ, ಹೊಸ ಕ್ವೆರಿ ಓಡಿಸಿ, ಆ ಸಾಲು ನೋಡಿ, ರೋಲ್‌ಬ್ಯಾಕ್, ಅಂದರೆ ಮಾಡಿದ್ದೆಲ್ಲ ರದ್ದು. ಚೆಕ್‌ಪಾಯಿಂಟ್ ಆದ ಕೂಡಲೇ ಒಂದು ಸಲ, ಮತ್ತೆ ತಕ್ಷಣ ಇನ್ನೊಂದು ಸಲ ಓಡಿಸಿ ನೋಡಿ, ಎರಡನೇ ಸಲ ಬೈಟ್ ಲೆಕ್ಕ ಹೇಗೆ ಕುಸಿಯುತ್ತದೆ ಅಂತ. ನೋಡೋಕೆ ಮಜಾ ಇರುತ್ತದೆ, ನಿಜವಾಗಲೂ. ಆದರೆ ರೋಲ್‌ಬ್ಯಾಕ್ ಮಾಡಿದರೆ ಆಗಲೇ ಬರೆದ ಲಾಗ್ ಅಳಿಸಿಹೋಗುವುದಿಲ್ಲ, ಅದಕ್ಕೇ ಲೈವ್ ಸರ್ವರ್‌ನಲ್ಲಿ ಬೇಡ.

ವ್ಯಾಲ್ಯೂ ಬದಲಾಗಿದ್ದರೆ ಮಾತ್ರ ಅಪ್‌ಡೇಟ್ ಆಗುವ ಹಾಗೆ ವೇರ್ ಕಂಡೀಷನ್ ಹಾಕಿಕೊಂಡಿದ್ದೇನೆ. ಇದಕ್ಕೆಂದೇ ರೆಡಿ ಟ್ರಿಗರ್ (ಬದಲಾವಣೆ ಆಗುವಾಗ ತಾನಾಗಿ ಓಡುವ ಕೋಡ್) ಒಂದಿದೆ, ಆದರೆ ಅದು ಪ್ರತಿ ಸಾಲಿಗೂ ಓಡಬೇಕು, ನನಗೆ ಹಿಡಿಸಲಿಲ್ಲ. ಮತ್ತೆ ಲೋಡ್ ಮಾಡಿಕೊಳ್ಳಬಹುದಾದ ಟೇಬಲ್‌ಗಳು ಅನ್‌ಲಾಗ್ಡ್, ಅಂದರೆ ಅವುಗಳ ಡೇಟಾ ವಾಲ್‌ಗೆ ಹೋಗುವುದಿಲ್ಲ, ಸರ್ವರ್ ಕ್ರ್ಯಾಶ್ ಆದರೆ ಅವು ಖಾಲಿಯಾಗುತ್ತವೆ, ಆಗಲಿ.

ಐದಕ್ಕೆ ನಾಲ್ಕು ಸ್ಟಾರ್. ಇನ್ನೊಂದು ಆ ಅಪ್‌ಡೇಟ್ ತಿಂದುಹಾಕಿತು.