ಬೆಳ್ಳುಳ್ಳಿ ಎಣ್ಣೆಯೋ, ಇಂಗೋ?

ಲೋ ಫಾಡ್‌ಮ್ಯಾಪ್ ಪಥ್ಯದಲ್ಲಿ (ಸರಿಯಾಗಿ ಜೀರ್ಣವಾಗದೆ ಹೊಟ್ಟೆ ಉಬ್ಬರಿಸುವ ಕೆಲವು ಬಗೆಯ ಸಕ್ಕರೆ ಅಂಶಗಳನ್ನು ಕಡಿಮೆ ಮಾಡುವ ಊಟದ ಕ್ರಮ) ಈರುಳ್ಳಿ, ಬೆಳ್ಳುಳ್ಳಿ ಎರಡೂ ಬೇಡ. ಹಾಗಂತ ಬದನೆಕಾಯಿ ಎಣ್ಣೆಗಾಯಿ ಸಪ್ಪೆ ಆಗಬೇಕಿಲ್ಲ.

ಬೆಳ್ಳುಳ್ಳಿ ಘಮವೇ ಬೇಕು ಅನ್ನುವವರಿಗೆ ಎಣ್ಣೆ. ಬೆಳ್ಳುಳ್ಳಿಯಲ್ಲಿರುವ, ಹೊಟ್ಟೆ ಉಬ್ಬರಿಸುವ ಫ್ರಕ್ಟಾನ್ ಎಂಬ ಅಂಶ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಎಸಳುಗಳನ್ನು ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಬಾಡಿಸಿ, ಒಂದೂ ಬಿಡದೆ ತೆಗೆದು, ಆಮೇಲೆ ಒಗ್ಗರಣೆ ಹಾಕಿ. ಗೊಜ್ಜಿನಲ್ಲಿ ಕುದಿಸಿ ತೆಗೆದರೆ ಪ್ರಯೋಜನವಿಲ್ಲ. ಈ ಎಣ್ಣೆಯನ್ನು ಹೊರಗೆ ಇಟ್ಟುಕೊಳ್ಳುವುದು ಅಪಾಯ. ಅಂದಂದೇ ಮಾಡಿ ಮುಗಿಸಿ.

ಇಂಗು ಸುಲಭ, ಚಿಟಿಕೆ ಸಾಕು. ಆದರೆ ಪುಡಿ ಇಂಗಿಗೆ ಸಾಮಾನ್ಯವಾಗಿ ಗೋಧಿಹಿಟ್ಟು ಬೆರೆಸಿರುತ್ತಾರೆ. ಗ್ಲುಟೆನ್ ಆಗದವರು ಡಬ್ಬಿ ಓದಿ ಕೊಳ್ಳಿ.

ದಿನದ ಪಲ್ಯಕ್ಕೆ ನನ್ನ ಓಟು ಇಂಗಿಗೆ. ಎಣ್ಣೆಗಾಯಿಗೆ ಮಾತ್ರ ಬೆಳ್ಳುಳ್ಳಿ ಎಣ್ಣೆಯೇ ಸರಿ. ಈರುಳ್ಳಿ ಇಲ್ಲದೆ ಮಸಾಲೆ ಗಟ್ಟಿಯಾಗಲು ಹುರಿದ ಶೇಂಗಾ, ಎಳ್ಳು ಇದ್ದೇ ಇವೆ ಅಲ್ವಾ?