ಮೊಬೈಲ್ ನಂಬರ್ ಬದಲಿಸಿದ್ದಕ್ಕೆ 41 ತೂಕದ ಚೀಟಿ ಅಳಿಸಿಹೋದವು: ಹೈಬರ್ನೇಟ್ ಬಳಸುವವರು ಗಮನಿಸಿ

ಸ್ಪ್ರಿಂಗ್ ಡೇಟಾ, ಹೈಬರ್ನೇಟ್ (ಜಾವಾ ಆಬ್ಜೆಕ್ಟ್‌ಗಳನ್ನು ಡೇಟಾಬೇಸ್‌ಗೆ ಬರೆಯುವ, ಅಲ್ಲಿಂದ ಓದುವ ಕೆಲಸ ಮಾಡಿಕೊಡುವ ಲೈಬ್ರರಿಗಳು) ಬಳಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ಗಂಗಾವತಿಯ ಒಂದು ದಲ್ಲಾಳಿ ಅಂಗಡಿಗೆ ಭತ್ತದ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಪ್ರತಿ ರೈತರ ಹೆಸರಿನ ಕೆಳಗೆ ಅವರ ತೂಕದ ಚೀಟಿಗಳು ಇರುತ್ತವೆ. ಎಷ್ಟು ಚೀಲ, 75 ಕೆ.ಜಿ.ಗೆ ಏನು ದರ, ಎಷ್ಟು ಮುಂಗಡ, ಎಲ್ಲ ಅದರಲ್ಲೇ. ಸೋಮವಾರ ಗುಮಾಸ್ತರು ಒಬ್ಬ ರೈತರ ಮೊಬೈಲ್ ನಂಬರ್ ಬದಲಿಸಿದರು, ಅಷ್ಟೇ. ಗುರುವಾರ ಆ ರೈತರು ಲೆಕ್ಕ ಮಾಡಿಸಲು ಬಂದರೆ ಒಂದು ಚೀಟಿಯೂ ಇಲ್ಲ. ಗುಮಾಸ್ತರು ನನಗೆ ಫೋನ್ ಮಾಡಿದಾಗ ಹಿಂದಿನಿಂದ ಆ ರೈತರ ದನಿ ಕೇಳಿಸುತ್ತಿತ್ತು: "ನಾ ಹಾಕಿದ ಭತ್ತ ಎಲ್ಲಿ ಹೋತ್ರೀ?" ನನ್ನ ಕೈಕಾಲು ತಣ್ಣಗಾದವು.

ಲಾಗ್ ತೆಗೆದು ನೋಡಿದೆ. ಸೋಮವಾರ ಒಂದು ಅಪ್‌ಡೇಟ್, ಅದರ ಬೆನ್ನಿಗೇ 41 ಡಿಲೀಟ್. ಎರರ್ ಮಾತ್ರ ಒಂದೂ ಇಲ್ಲ.

ನಂಬರ್ ಬದಲಿಸುವ ಫಾರಂನಲ್ಲಿ ಇದ್ದಿದ್ದು ಐಡಿ, ಹೆಸರು, ಊರು, ಮೊಬೈಲ್. ಅದರಿಂದ ನಾನು ಹೊಸ ರೈತ ಆಬ್ಜೆಕ್ಟ್ ಮಾಡಿ ಸ್ಪ್ರಿಂಗ್ ಡೇಟಾದ ಸೇವ್‌ಗೆ ಕೊಟ್ಟಿದ್ದೆ. ರೈತ ಕ್ಲಾಸ್‌ನಲ್ಲಿ ಚೀಟಿಗಳ ಪಟ್ಟಿಯನ್ನು ಶುರುವಿನಲ್ಲೇ ಖಾಲಿ ಅರೇಲಿಸ್ಟ್ (ಜಾವಾದ ಒಂದು ಬಗೆಯ ಪಟ್ಟಿ) ಆಗಿ ಬರೆದಿದ್ದೆ, ಎಲ್ಲರೂ ಹಾಗೇ ಬರೀತೀವಿ ಅಲ್ವಾ. ಮರ್ಜ್ ಎಂಬ ಪದವನ್ನು ನಾನು ಎಲ್ಲೂ ಬಳಸಿರಲಿಲ್ಲ. ಆದರೆ ಐಡಿ ಇರುವ ಆಬ್ಜೆಕ್ಟ್ ಬಂದರೆ ಸೇವ್ ಒಳಗೊಳಗೇ ಮರ್ಜ್ ಅನ್ನು ಕರೆಯುತ್ತದೆ. ಮರ್ಜ್ ಅಂದರೆ ಹಳೆಯದಕ್ಕೆ ಹೊಸದನ್ನು ಕೂಡಿಸುವುದು ಅಂತ ನಾನು ತಿಳಿದಿದ್ದೆ. ಅದು ಹಾಗಲ್ಲ. ಡೇಟಾಬೇಸ್‌ನಲ್ಲಿರುವ ರೈತರನ್ನು ಅದು ಎತ್ತಿಕೊಂಡು, ನಾವು ಕೊಟ್ಟಿದ್ದನ್ನು ಅದರ ಮೇಲೆ ಹಾಗೇ ನಕಲು ಮಾಡುತ್ತದೆ. ಖಾಲಿ ಪಟ್ಟಿ ಕೊಟ್ಟರೆ ಖಾಲಿಯೇ. ಸಾಲದ್ದಕ್ಕೆ ಆ ಪಟ್ಟಿಗೆ ಕ್ಯಾಸ್ಕೇಡ್ ಆಲ್ (ರೈತರ ಮೇಲೆ ಮಾಡಿದ ಕೆಲಸ ಚೀಟಿಗಳಿಗೂ ಅನ್ವಯಿಸಲಿ) ಜೊತೆ ಆರ್ಫನ್ ರಿಮೂವಲ್ ಟ್ರೂ (ಪಟ್ಟಿಯಿಂದ ತೆಗೆದ ಚೀಟಿ ಡೇಟಾಬೇಸ್‌ನಿಂದಲೂ ಹೋಗಲಿ) ಹಾಕಿದ್ದೆ. ಪಟ್ಟಿಯಿಂದ ಹೊರಬಿದ್ದ ಚೀಟಿಗಳನ್ನು ಹೈಬರ್ನೇಟ್ ಅನಾಥ ಅಂತ ಲೆಕ್ಕಹಾಕಿ ಅಳಿಸಿಬಿಟ್ಟಿತು. ನನ್ನ ಟೆಸ್ಟ್ ಪಾಸಾಗಿತ್ತು, ಯಾಕಂದ್ರೆ ಟೆಸ್ಟಿನ ರೈತನಿಗೆ ಚೀಟಿಗಳೇ ಇರಲಿಲ್ಲ.

ಈಗ ಫಾರಂ ಆಬ್ಜೆಕ್ಟನ್ನು ನೇರ ಸೇವ್‌ಗೆ ಕೊಡುವುದನ್ನು ಪೂರ್ತಿ ಬಿಟ್ಟಿದ್ದೇನೆ. ಟ್ರಾನ್ಸಾಕ್ಷನ್ (ಪೂರ್ತಿ ಆಗುವ ಇಲ್ಲವೇ ಪೂರ್ತಿ ರದ್ದಾಗುವ ಡೇಟಾಬೇಸ್ ಕೆಲಸ) ಒಳಗೆ ಐಡಿಯಿಂದ ರೈತರನ್ನು ತರುತ್ತೇನೆ, ನಂಬರ್ ಒಂದನ್ನೇ ಸೆಟ್ ಮಾಡುತ್ತೇನೆ. ಸೇವ್ ಕರೆಯುವ ಅಗತ್ಯವೇ ಇಲ್ಲ, ಬದಲಾವಣೆಯನ್ನು ಹೈಬರ್ನೇಟ್ ತಾನೇ ಗುರುತಿಸಿ ಬರೆಯುತ್ತದೆ. ಹಣದ ಲೆಕ್ಕ ಇರುವ ಟೇಬಲ್‌ಗಳಿಂದ ಆರ್ಫನ್ ರಿಮೂವಲ್ ತೆಗೆದುಹಾಕಿದೆ. ಟೆಸ್ಟಿನಲ್ಲಿ ಮೂರು ಚೀಟಿ ಇರುವ ರೈತನ ನಂಬರ್ ಬದಲಿಸಿ, ಆಮೇಲೂ ಮೂರೇ ಇವೆಯಾ ಅಂತ ಎಣಿಸುತ್ತೇನೆ.

ಭಾನುವಾರ ರಾತ್ರಿಯ ಬ್ಯಾಕಪ್‌ನಲ್ಲಿ 38 ಚೀಟಿ ಸಿಕ್ಕವು. ಉಳಿದ ಮೂರು ಸೋಮವಾರ ಬೆಳಿಗ್ಗೆಯವು, ನಮ್ಮ ಹತ್ತಿರ ಎಲ್ಲೂ ಇರಲಿಲ್ಲ. ಆ ರೈತರು ಅಂಗಿ ಜೇಬಿನಿಂದ ಮಡಚಿಟ್ಟ ಕಾರ್ಬನ್ ಪ್ರತಿಗಳನ್ನು ತೆಗೆದು ಟೇಬಲ್ ಮೇಲೆ ಇಟ್ಟರು. ಗುಮಾಸ್ತರು ಒಂದೊಂದನ್ನೇ ಓದಿ ಹೇಳಿದರು, ನಾನು ಟೈಪ್ ಮಾಡಿದೆ.